ನಿಂತ ನೀರು ನಡುಗಬಾರದು

ತೆರೆಯ ಮೇಲೆ ಪ್ರಳಯ ತೋರಿಸುವುದು ಅಂಥ ಕಷ್ಟವೇನಲ್ಲ. ಅಲೆ ಅಪ್ಪಳಿಸಿ, ನೊರೆ ಹಾರಿ, ಊರಿಗೆ ಊರೇ ಕೊಚ್ಚಿಹೋಗುವಾಗ ನೀರಿನಲ್ಲಿ ತಪ್ಪು ಹುಡುಕುವ ಪುರಸೊತ್ತು ಯಾರಿಗಿದೆ? ಕಂಪ್ಯೂಟರ್‌ನಲ್ಲಿ ನೀರು ಮಾಡುವವರು ಹೆದರುವುದು ನಿಂತ ನೀರಿಗೆ. ಗದಗದಿಂದ ನರೇಗಲ್ಲಿಗೆ ಹೋಗುವ ದಾರಿಯ ಕೋಟುಮಚಗಿಯಂಥ ಎರೆ ಸೀಮೆಯ ಊರಿನ ಒಂದು ಕೃಷಿಹೊಂಡವನ್ನೇ ತಗೊಳ್ಳಿ. ಮಳೆ ಬಿಟ್ಟ ಮಾರನೇ ದಿನ, ಗಾಳಿಯಿಲ್ಲದ ಹೊತ್ತು, ಕೆಂಗಂದು ನೀರು, ಅದರಲ್ಲೊಂದು ಬೇವಿನ ಮರದ ಬಿಂಬ. ಇಷ್ಟನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ಓಡಿಸಿದರೆ ಮೊದಲ ಸಲ ಕಾಣುವುದು ಹೊಂಡವಲ್ಲ, ಒಲೆಯ ಮೇಲಿನ ಎಸರು. ಮೈತುಂಬ ಕುದಿತ, ಮಿಣುಕು.

ಇದರ ಹಿಂದಿನ ಗಣಿತ ಹಳೆಯದು. ದ್ರವದ ಚಲನೆಯ ಸಮೀಕರಣಗಳನ್ನು ನೇವಿಯರ್ 1822ರಲ್ಲಿ ಬರೆದರು, ಸ್ಟೋಕ್ಸ್ 1845ರಲ್ಲಿ ಗಟ್ಟಿಗೊಳಿಸಿದರು. ಕರ್ನಾಟಕಕ್ಕೂ ಇದರ ನಂಟಿದೆ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಇಂಥ ಲೆಕ್ಕಗಳಿಗೆಂದೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ದೇಶದಲ್ಲಿ ಅದೇ ಮೊದಲನೆಯದು. ವಿಮಾನದ ಸುತ್ತ ಹರಿಯುವ ಗಾಳಿಯಿಂದ ಶುರುವಾದ ಆ ಕೆಲಸ ಮುಂದೆ ಮುಂಗಾರಿನ ಲೆಕ್ಕಕ್ಕೂ ಬಂತು. ವಿಜ್ಞಾನಿಗೆ ಬೇಕಿದ್ದುದು ನಂಬಬಹುದಾದ ಸಂಖ್ಯೆ. ಸಿನಿಮಾದವರಿಗೆ ಸಂಖ್ಯೆ ತುಸು ಸುಳ್ಳಾದರೂ ನಡೆದೀತು, ಕಣ್ಣಿಗೆ ಚುಚ್ಚಬಾರದು. 1999ರಲ್ಲಿ ಯೋಸ್ ಸ್ಟಾಮ್ ಕೊಟ್ಟ ‘ಸ್ಟೇಬಲ್ ಫ್ಲೂಯಿಡ್ಸ್’ ವಿಧಾನದಲ್ಲಿ ಕಾಲದ ಹೆಜ್ಜೆ ಎಷ್ಟೇ ದೊಡ್ಡದಿಟ್ಟರೂ ಲೆಕ್ಕ ಸ್ಫೋಟಿಸುವುದಿಲ್ಲ. ಮಿಣುಕು ಮಾತ್ರ ಬೇರೆಯದೇ ರೋಗ.

ಈಗ ಸ್ಟುಡಿಯೋಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫ್ಲಿಪ್ ವಿಧಾನ. 1986ರಲ್ಲಿ ಬ್ರಾಕ್‌ಬಿಲ್ ಮತ್ತು ರುಪೆಲ್ ರೂಪಿಸಿದ ಇದನ್ನು ಝು ಮತ್ತು ಬ್ರಿಡ್ಸನ್ 2005ರಲ್ಲಿ ಗ್ರಾಫಿಕ್ಸ್‌ಗೆ ತಂದರು. ಅದೂ ಮರಳನ್ನು ದ್ರವದಂತೆ ಹರಿಸುವ ನೆಪದಲ್ಲಿ! ಇಲ್ಲಿ ನೀರೆಂದರೆ ಲಕ್ಷಗಟ್ಟಲೆ ಕಣ. ಕಣಗಳ ವೇಗವನ್ನು ಚೌಕಗಳ ಜಾಲಕ್ಕೆ ಒಪ್ಪಿಸಿ, ಅಲ್ಲಿ ಒತ್ತಡದ ಲೆಕ್ಕ ಮುಗಿಸಿ, ವೇಗದಲ್ಲಿ ಬದಲಾದಷ್ಟನ್ನು ಮಾತ್ರ ಕಣಗಳಿಗೆ ಮರಳಿಸುತ್ತಾರೆ. ಹಾಗಾಗಿ ನೀರು ಚಿಮ್ಮುವ ಹುರುಪು ಉಳಿಯುತ್ತದೆ, ಕಣಕಣದ ಗಲಾಟೆಯೂ ಉಳಿಯುತ್ತದೆ. ಇನ್ನೂ ಹಳೆಯ ಪಿಕ್ ವಿಧಾನ ಜಾಲದ ಹೊಸ ವೇಗವನ್ನೇ ಪೂರ್ತಿ ಹೇರುತ್ತದೆ. ಗಲಾಟೆ ಅಡಗುತ್ತದೆ, ನೀರು ಮಂದವಾಗುತ್ತದೆ. ಎರಡನ್ನೂ ಹದವಾಗಿ ಬೆರೆಸುವುದರಲ್ಲಿ ಅರ್ಧ ಕಸುಬಿದೆ. ಬ್ಲೆಂಡರ್ ತಂತ್ರಾಂಶದಲ್ಲಿ ಫ್ಲಿಪ್ ಪಾಲು ಮೊದಲೇ 0.97 ಇರುತ್ತದೆ. ಹೊಂಡಕ್ಕೆ ಅದು ಅತಿಯಾಯಿತು, ಇಳಿಸಬೇಕು.

ಉಳಿದರ್ಧ ಕಸುಬು ನೀರಿನ ಚರ್ಮದಲ್ಲಿದೆ. ಕ್ಯಾಮೆರಾಕ್ಕೆ ಕಾಣುವುದು ಕಣಗಳಲ್ಲ, ಅವುಗಳ ಮೇಲೆ ಹೊದಿಸಿದ ಪುಟ್ಟ ತ್ರಿಕೋನಗಳ ಮೆಶ್. ಸೆಕೆಂಡಿಗೆ 24 ಫ್ರೇಮ್ ಇದ್ದರೆ 24 ಸಲ ಹೊಸ ಚರ್ಮ. ಹಿಂದಿನದರ ನೆನಪು ಅದಕ್ಕಿಲ್ಲ. ಕಣ ಕೂದಲೆಳೆಯಷ್ಟು ಸರಿದರೂ ತ್ರಿಕೋನ ಓರೆಯಾಗುತ್ತದೆ, ಬೇವಿನ ಮರದ ಬಿಂಬ ಗೇಣುದ್ದ ಜಿಗಿಯುತ್ತದೆ. ಒಂದು ಚೌಕದಲ್ಲಿ ಎಂಟಾದರೂ ಕಣವಿರದಿದ್ದರೆ ಚರ್ಮದಲ್ಲಿ ತೂತು ಬಿದ್ದು ಮುಚ್ಚಿ ಇನ್ನಷ್ಟು ಮಿಣುಕುತ್ತದೆ. 2010ರಲ್ಲಿ ಯೂ ಮತ್ತು ಟರ್ಕ್ ಒಂದು ಜಾಣ ಉಪಾಯ ತೋರಿಸಿದರು. ಪ್ರತಿ ಕಣವನ್ನೂ ಗುಂಡಗೆ ಎಣಿಸುವ ಬದಲು, ನೆರೆಯ ಕಣಗಳು ಹರಡಿದ ದಿಕ್ಕು ನೋಡಿ ಚಪ್ಪಟೆ ಮಾಡುವುದು. ಆಗ ಮೇಲ್ಮೈಯ ಗುಬುಟು ಇಳಿಯುತ್ತದೆ, ಅಂಚು ಚೂಪಾಗಿಯೇ ಉಳಿಯುತ್ತದೆ. ಮೆಶ್ ಅನ್ನು ಸುಮ್ಮನೆ ಉಜ್ಜಿ ನುಣುಪು ಮಾಡುವುದೂ ಉಂಟು. ಜಾಸ್ತಿ ಉಜ್ಜಿದರೆ ಸಣ್ಣ ಹನಿಗಳು ಮಾಯವಾಗುತ್ತವೆ.

ಔಷಧ ಕೊಡುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ನೀರಿಗೆ ಹೊಳಪಿಲ್ಲದ ಬೂದುಬಣ್ಣ ಹಚ್ಚಿ, ಬೆಳಕನ್ನು ಓರೆಯಾಗಿ ಬಿಟ್ಟು ಓಡಿಸಿ ನೋಡಿ. ಆಗಲೂ ನಡುಗಿದರೆ ತಪ್ಪು ಸಿಮ್ಯುಲೇಷನ್ನಿನದೋ ಮೆಶ್‌ನದೋ. ನಡುಗದಿದ್ದರೆ ರೆಂಡರಿನ, ಅಂದರೆ ಅಂತಿಮ ಚಿತ್ರ ಮೂಡಿಸುವ ಹಂತದ, ಬೆಳಕಿನ ಲೆಕ್ಕದತ್ತ ಮೊದಲು ಅನುಮಾನ ಪಡಬೇಕು. ಇದನ್ನು ಬಿಟ್ಟು ನೇರವಾಗಿ ಜಾಲದ ರೆಸಲ್ಯೂಷನ್ ಏರಿಸುವ ಚಟ ಹೊಸಬರಿಗೆ ಹೆಚ್ಚು. ಅದನ್ನು ಎರಡು ಪಟ್ಟು ಮಾಡಿದರೆ ಉದ್ದ, ಅಗಲ, ಆಳ ಮೂರೂ ಸೇರಿ ಚೌಕಗಳು ಎಂಟು ಪಟ್ಟಾಗುತ್ತವೆ, ಕಾಲದ ಹೆಜ್ಜೆಯೂ ಅರ್ಧಕ್ಕಿಳಿದರೆ ಒಟ್ಟು ಕೆಲಸ ಹದಿನಾರು ಪಟ್ಟು. ಸಾಲದ್ದಕ್ಕೆ, ಸಣ್ಣ ಲೆಕ್ಕದಲ್ಲಿ ಒಪ್ಪಿಗೆಯಾದ ಅಲೆ ದೊಡ್ಡದರಲ್ಲಿ ಇನ್ನೆಲ್ಲೋ ಏಳುತ್ತದೆ. ಹೊಂಡದಲ್ಲಿ ಏನೂ ಬೀಳದಿದ್ದರೆ ಸಿಮ್ಯುಲೇಷನ್ನೇ ಬೇಡ, ಸಮತಟ್ಟಾದ ಒಂದು ಹಾಳೆ ಸಾಕು. ಬಕೆಟ್ ಮುಳುಗಿಸುವ ದೃಶ್ಯವಿದ್ದರೆ, ಅದು ಮುಳುಗುವ ಜಾಗದಲ್ಲಷ್ಟೇ ಕಣ ಸುರಿದು, ಅಂಚನ್ನು ಹಾಳೆಗೆ ಬೆಸೆದರಾಯಿತು.

ಇಂಥ ಕಸುಬು ನಡೆಯುವ ಅನಿಮೇಷನ್, ವಿಎಫ್‌ಎಕ್ಸ್ (ದೃಶ್ಯ ಪರಿಣಾಮ) ವಲಯಕ್ಕೆಂದು 2012ರಲ್ಲೇ ನೀತಿ ತಂದ ರಾಜ್ಯ ನಮ್ಮದು. ಆದರೂ ಹೆಚ್ಚಿನ ಕೆಲಸ ಬೆಂಗಳೂರಿನಲ್ಲೇ ಗುಡ್ಡೆಬಿದ್ದಿದೆ. ಅಲ್ಲೂ ನೆಮ್ಮದಿಯಿಲ್ಲ: 2025ರ ಆರಂಭದಲ್ಲಿ ಟೆಕ್ನಿಕಲರ್ ಎಂಬ ವಿಎಫ್‌ಎಕ್ಸ್ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಮಂದಿ ಬೀದಿಗೆ ಬಿದ್ದರು. ಕಲಿಯುವುದಕ್ಕಾದರೆ ಊರು ಬಿಡಬೇಕಾಗಿಲ್ಲ. ಬ್ಲೆಂಡರ್ ಉಚಿತ, 2020ರ 2.82 ಆವೃತ್ತಿಯಿಂದ ಅದರಲ್ಲಿ ಮ್ಯಾಂಟಾಫ್ಲೋ ಎಂಬ ದ್ರವದ ಯಂತ್ರವಿದೆ. ಕೋಟುಮಚಗಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸುವವರು ಮರೆಯದೆ ಅದರ ‘ರೆಸ್ಯೂಮೆಬಲ್’ ಗುಂಡಿಗೆ ಟಿಕ್ ಹಾಕಿಕೊಳ್ಳಿ. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ ನಿಜ, ಆದರೆ ಕರೆಂಟು ಹೋಗಿ ಬ್ಯಾಟರಿ ಇಳಿಯತೊಡಗಿದಾಗ ಬೇಕಿಂಗ್ (ಲೆಕ್ಕ ಮಾಡಿ ಡಿಸ್ಕ್‌ಗೆ ಉಳಿಸುವ ಕೆಲಸ) ನಿಲ್ಲಿಸಿ, ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದು.