ಮನೆ ಬಾಡಿಗೆ: ಬ್ಯಾಂಕಿಗೆ ಹೋಗದೆ ಪಾವತಿಸುವ ಬಗೆ

ಚೆಕ್ ಬರೆದು, ಮಾಲೀಕರ ಬ್ಯಾಂಕಿನ ಶಾಖೆಯನ್ನು ಹುಡುಕಿಕೊಂಡು ಹೋಗಿ ಬಾಡಿಗೆ ಜಮಾ ಮಾಡುವ ಹಿರಿಯರು ಮುಂಬಯಿಯ ಕನ್ನಡಿಗರಲ್ಲಿ ಇಂದಿಗೂ ಇದ್ದಾರೆ. ಆ ಶ್ರಮ ಈಗ ಅನಗತ್ಯ. ಆದರೆ ಕೌಂಟರಿನಲ್ಲಿ ಗುಮಾಸ್ತರು ಮಾಡುತ್ತಿದ್ದ ಪರಿಶೀಲನೆಯ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಪ್ರತಿ ತಿಂಗಳ ಬಾಡಿಗೆಗೆ 'ನೆಫ್ಟ್' ವ್ಯವಸ್ಥೆ ಸೂಕ್ತವಾದುದು. 2005ರಲ್ಲಿ ಆರಂಭವಾದ ಇದು 2019ರ ಡಿಸೆಂಬರ್ 16ರಿಂದ ರಜಾದಿನಗಳಲ್ಲಿಯೂ ಸೇರಿ ದಿನದ 24 ಗಂಟೆ ಲಭ್ಯವಿದೆ. ಉಳಿತಾಯ ಖಾತೆದಾರರು ಅಂತರ್ಜಾಲದ ಮೂಲಕ ಕಳುಹಿಸಿದರೆ ಶುಲ್ಕವಿಲ್ಲ. ಮೊಬೈಲಿನ ಯುಪಿಐ ಇನ್ನೂ ಸುಲಭ. ವ್ಯಕ್ತಿಯಿಂದ ವ್ಯಕ್ತಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿಯ ಮಿತಿಯಿದೆ.

ಮೊದಲು ಮಾಲೀಕರ ಖಾತೆ ಸಂಖ್ಯೆಯನ್ನೂ 11 ಅಕ್ಷರಗಳ ಐಎಫ್‌ಎಸ್‌ಸಿ ಸಂಕೇತವನ್ನೂ ನೋಂದಾಯಿಸಬೇಕು. ಹಳೆಯ ಪಾಸ್‌ಬುಕ್ಕನ್ನು ನಂಬಬೇಡಿ. ನಮ್ಮವರಿಗೆ ಆಪ್ತವಾಗಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಆ ಶಾಖೆಗಳ ಸಂಕೇತಗಳೆಲ್ಲ ಬದಲಾಗಿವೆ.

ಇನ್ನೊಂದು ಮುಖ್ಯ ವಿಷಯ: ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹೊರತು ಹೆಸರಿನ ಮೇಲಲ್ಲ. ಅಂಕಿ ತಪ್ಪಿ ಹಣ ಅಪರಿಚಿತರ ಖಾತೆಗೆ ಸೇರಿದರೆ ಮರಳಿ ಪಡೆಯುವುದು ಪ್ರಯಾಸದ ಕೆಲಸ. ಆದ್ದರಿಂದಲೇ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 1ರೊಳಗೆ ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು ಒದಗಿಸುವಂತೆ ಬ್ಯಾಂಕುಗಳಿಗೆ ನಿರ್ದೇಶಿಸಿತು. ಆ ಹೆಸರನ್ನು ಓದಿ, ಮೊದಲು 1 ರೂಪಾಯಿ ಕಳುಹಿಸಿ, ಮಾಲೀಕರಿಂದ ತಲುಪಿದ ಖಾತ್ರಿ ಪಡೆದ ಬಳಿಕವೇ ಪೂರ್ತಿ ಮೊತ್ತವನ್ನು ಕಳುಹಿಸಿರಿ. 'ನನ್ನ ಖಾತೆ ಬದಲಾಗಿದೆ' ಎಂಬ ಸಂದೇಶ ಬಂದರೆ, ನಿಮಗೆ ಮೊದಲಿನಿಂದ ತಿಳಿದಿರುವ ದೂರವಾಣಿ ಸಂಖ್ಯೆಯಲ್ಲಿ ಮಾತನಾಡಿ ಖಚಿತಪಡಿಸಿಕೊಳ್ಳಿ.

ಪ್ರತಿ ತಿಂಗಳೂ ನೆನಪಿಟ್ಟುಕೊಳ್ಳುವುದು ಕಷ್ಟವೆನ್ನುವವರು ನಿಗದಿತ ದಿನಾಂಕಕ್ಕೆ ಹಣ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ನೀಡಬಹುದು. ಕರಾರು 11 ತಿಂಗಳದ್ದಾದರೆ ಸೂಚನೆಯೂ 11 ತಿಂಗಳಿಗೇ ಮುಗಿಯಲಿ. ಇಲ್ಲವಾದರೆ ಮನೆ ಬಿಟ್ಟ ಮೇಲೂ ಬಾಡಿಗೆ ಹೋಗುತ್ತಿರುತ್ತದೆ.

ಕೊನೆಯದಾಗಿ, ಷರಾ ಜಾಗದಲ್ಲಿ 'ಜುಲೈ ಬಾಡಿಗೆ' ಎಂದು ತಪ್ಪದೆ ಬರೆಯಿರಿ. ರಸೀದಿಯಿಲ್ಲದೆ ಕೊಟ್ಟ ನಗದಿಗೆ ಸಾಕ್ಷಿಯಿಲ್ಲ. ಮುಂಗಡ ಹಣ ಹಿಂದಿರುಗಿಸುವಾಗ ವಿವಾದ ಎದ್ದರೆ, ಬ್ಯಾಂಕಿನ ಲೆಕ್ಕಪಟ್ಟಿಯ ಆ ಎರಡು ಪದಗಳೇ ನಿಮ್ಮ ಪರವಾಗಿ ನಿಲ್ಲುತ್ತವೆ.