ಮುಪ್ಪಿಗೆ ಒಪ್ಪುವ ಯೋಗ

ಯೋಗವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪ್ರಾಯದ ದೇಹ. ತಲೆಕೆಳಗಾಗಿ ನಿಂತವರ, ಬೆನ್ನನ್ನು ಬಿಲ್ಲಾಗಿ ಬಾಗಿಸಿದವರ, ಕಾಲನ್ನೆತ್ತಿ ಕತ್ತಿನ ಹಿಂದಕ್ಕೆ ಒಯ್ದವರ ಚಿತ್ರಗಳನ್ನು ಪತ್ರಿಕೆಗಳಲ್ಲಿಯೂ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಕಂಡು ಕಂಡು, ಅರುವತ್ತೈದು ದಾಟಿದ ನಮ್ಮ ಹಿರಿಯರಲ್ಲಿ ಅನೇಕರು ಇದು ತಮ್ಮ ಪಾಲಿನದಲ್ಲವೆಂದು ನಿಶ್ಚಯಿಸಿ, ಬೆಳಗಿನ ಒಂದು ಸುತ್ತು ನಡಿಗೆಯಲ್ಲಿಯೂ ಸಂಜೆಯ ಪಾರ್ಕಿನ ಕಲ್ಲುಬೆಂಚಿನಲ್ಲಿಯೂ ತೃಪ್ತರಾಗಿರುವುದು ಆಶ್ಚರ್ಯವೇನೂ ಅಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಯನ್ನು ದೇಶದೇಶಗಳಿಗೆ ಹಂಚಿಕೊಟ್ಟ ಮೈಸೂರಿನ ಪರಂಪರೆಯಲ್ಲಿಯೇ ವೃದ್ಧಾಪ್ಯಕ್ಕೆಂದು ಪ್ರತ್ಯೇಕವಾದ ಒಂದು ಕ್ರಮವುಂಟೆಂಬುದೂ, ಆ ಕ್ರಮಕ್ಕೆ ತನ್ನದೇ ಆದ ಗುರಿಯೂ ತನ್ನದೇ ಆದ ಕುಶಲತೆಯೂ ಇವೆಯೆಂಬುದೂ ತಿಳಿದವರು ವಿರಳ.

ಆ ಪರಂಪರೆಯ ಮೂಲಪುರುಷರೆನ್ನಬಹುದಾದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಜನಿಸಿದವರು. ಕಾಶಿಯಲ್ಲಿ ಶಾಸ್ತ್ರಾಧ್ಯಯನ ಮಾಡಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷವೇ ಅವರ ‘ಯೋಗ ಮಕರಂದ’ವು ಕನ್ನಡದಲ್ಲಿ ಪ್ರಕಟವಾಯಿತು. ಶಾಲೆಗೆ ಬರುತ್ತಿದ್ದವರು ಬಹುಮಟ್ಟಿಗೆ ಹುರುಪಿನ ಹುಡುಗರು. ಊರೂರುಗಳಲ್ಲಿ ಪ್ರದರ್ಶನಗಳೂ ನಡೆಯುತ್ತಿದ್ದವಾದುದರಿಂದ ಜಿಗಿಯುವ, ಮಡಿಯುವ, ಬೆವರಿಳಿಸುವ ಅಭ್ಯಾಸವೇ ಅಲ್ಲಿ ಮುಂದಾಗಿ ಕಾಣಿಸಿತು. ನಾವಿಂದು ಯೋಗವೆಂದು ಕಲ್ಪಿಸಿಕೊಳ್ಳುವ ಚಿತ್ರಕ್ಕೆ ಆ ಅರಮನೆಯ ಅಂಗಳದ ಋಣ ದೊಡ್ಡದು. ಹಾಗೆಂದು ಆಚಾರ್ಯರ ಉಪದೇಶವೆಲ್ಲ ಅಷ್ಟೇ ಎಂದು ತಿಳಿದದ್ದು ನಮ್ಮ ಅವಸರ. ಐವತ್ತರ ದಶಕದಲ್ಲಿ ಮದರಾಸಿಗೆ ಹೋಗಿ ನೆಲಸಿದ ಮೇಲೆ ಅವರು ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ನಾಡಿ ನೋಡಿ, ವಯಸ್ಸು, ಪ್ರಕೃತಿ, ವ್ಯಾಧಿ, ವೃತ್ತಿಗಳನ್ನು ವಿಚಾರಿಸಿ, ಒಬ್ಬನಿಗೆ ಹೇಳಿದ್ದನ್ನು ಇನ್ನೊಬ್ಬನಿಗೆ ಹೇಳದೆ ಪಾಠ ಮಾಡುತ್ತಿದ್ದರು.

ಅವರು ಅಭ್ಯಾಸವನ್ನು ಜೀವಿತದ ಮೂರು ಘಟ್ಟಗಳಿಗೆ ಅನುಸಾರವಾಗಿ ಸೃಷ್ಟಿಕ್ರಮ, ಸ್ಥಿತಿಕ್ರಮ, ಲಯಕ್ರಮಗಳೆಂದು ವಿಭಾಗಿಸಿದ್ದರು. ಬೆಳೆಯುವ ದೇಹಕ್ಕೆ ಶ್ರಮಸಾಧ್ಯವಾದ ಆಸನಗಳ ವೈವಿಧ್ಯ. ಸಂಸಾರದ ಭಾರ ಹೊತ್ತ ನಡುವಯಸ್ಸಿಗೆ ಆರೋಗ್ಯರಕ್ಷಣೆಗೆ ತಕ್ಕಷ್ಟು ಆಸನ, ಅದಕ್ಕಿಂತ ಮಿಗಿಲಾಗಿ ಪ್ರಾಣಾಯಾಮ. ಕರ್ತವ್ಯಗಳು ಹಗುರಾದ ಇಳಿವಯಸ್ಸಿಗೆ ಮಿತವಾದ ಚಲನೆ, ದೀರ್ಘವಾದ ಉಸಿರು, ಧ್ಯಾನ. ಆಶ್ರಮಗಳು ನಾಲ್ಕೆಂದು ಬಾಯಿಪಾಠ ಮಾಡಿದ ನಾವು ದೇಹಕ್ಕೂ ಆಶ್ರಮಗಳುಂಟೆಂಬುದನ್ನು ಮಾತ್ರ ಮರೆತೆವು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದೂ, ಪ್ರಯತ್ನವು ಸಡಿಲಿದಾಗ ಅದು ಸಿದ್ಧಿಸುವುದೆಂದೂ ಪತಂಜಲಿ ಲಕ್ಷಣ ಹೇಳಿರುವುದನ್ನು ನೆನೆದರೆ, ಹಟದಿಂದ ಮೈಯನ್ನು ಬಗ್ಗಿಸುವ ಇಪ್ಪತ್ತರ ತರುಣನಿಗಿಂತ, ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಸಮಾಧಾನವಾಗಿ ಉಸಿರಾಡುವ ಎಪ್ಪತ್ತರ ಅಜ್ಜಿಯೇ ಸೂತ್ರಕ್ಕೆ ಹತ್ತಿರವಾಗಿದ್ದಾಳೆಂದು ನನಗೆ ತೋರುತ್ತದೆ. ಆಚಾರ್ಯರಾದರೋ ತಮ್ಮ ಮಾತಿಗೆ ತಾವೇ ನಿದರ್ಶನವಾದರು. ತೊಂಬತ್ತಾರರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ತಾವೇ ರಚಿಸಿಕೊಂಡರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದ್ದನ್ನು ನಾವು ಅನುಕರಿಸಬೇಕಾಗಿಲ್ಲ. ಹಾಸಿಗೆಯೂ ಅಭ್ಯಾಸಭೂಮಿಯಾಗಬಲ್ಲುದೆಂಬುದನ್ನು ಗ್ರಹಿಸಿದರೆ ಸಾಕು. ಅವರು 1989ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು.

ಲಯಕ್ರಮದ ತತ್ತ್ವ ಆಚಾರ್ಯರದಾದರೆ, ಮುಪ್ಪಿನ ದೇಹಕ್ಕೆ ಅತ್ಯುಪಯುಕ್ತವಾದ ಸಲಕರಣೆಗಳನ್ನು ಕಲ್ಪಿಸಿಕೊಟ್ಟ ಕೀರ್ತಿ ಅವರ ಶಿಷ್ಯರೂ ಭಾವಮೈದುನರೂ ಆದ ಬಿ. ಕೆ. ಎಸ್. ಅಯ್ಯಂಗಾರರದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯವನ್ನೆಲ್ಲ ಕಾಯಿಲೆಗಳ ನಡುವೆ ದುರ್ಬಲರಾಗಿ ಕಳೆದ ಅವರು ಮೈಸೂರಿನಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ, ಅಲ್ಲಿ ದಶಕಗಳ ಕಾಲ ರೋಗಿಗಳಿಗೂ ವೃದ್ಧರಿಗೂ ಪಾಠ ಹೇಳುತ್ತ ಒಂದು ಸರಳ ಸತ್ಯವನ್ನು ಕಂಡುಕೊಂಡರು: ದೇಹವು ನೆಲವನ್ನು ಮುಟ್ಟಲಾರದಾದರೆ ನೆಲವನ್ನೇ ದೇಹದ ಬಳಿಗೆ ತರಬಹುದು. ಕೈ ಊರಲು ಮರದ ಇಟ್ಟಿಗೆ, ಕಾಲು ಹಿಡಿಯಲು ಪಟ್ಟಿ, ಬೆನ್ನಿಗೆ ಒರಗುದಿಂಬು, ತೊಡೆಯ ಕೆಳಗೆ ಮಡಿಸಿದ ಕಂಬಳಿ, ಗೋಡೆಗೆ ಬಿಗಿದ ಹಗ್ಗ ಇವೆಲ್ಲ ಹೀಗೆ ಬಂದವು. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಕುರ್ಚಿ. ಮದುವೆಮನೆಗಳಿಗೆ ಬಾಡಿಗೆಗೆ ತರುವಂಥ ಮಡಿಸುವ ಕಬ್ಬಿಣದ ಕುರ್ಚಿಯೇ ಅದು. ಒರಗುವ ತಗಡನ್ನು ತೆಗೆದುಬಿಟ್ಟರೆ, ಬೆನ್ನು ತಿರುಗಿಸಲು, ಎದೆ ಅರಳಿಸಲು, ಕಾಲು ಮೇಲಿಟ್ಟು ಮಲಗಲು ಅದಕ್ಕಿಂತ ಒಳ್ಳೆಯ ಆಸರೆ ಇನ್ನೊಂದಿಲ್ಲ. ಬೆಲ್ಜಿಯಮ್ಮಿನ ರಾಣಿ ಎಲಿಜಬೆತ್ತಳು ಎಂಬತ್ತು ದಾಟಿದ ವಯಸ್ಸಿನಲ್ಲಿ ಅಯ್ಯಂಗಾರರ ಶಿಷ್ಯೆಯಾಗಿ ಶೀರ್ಷಾಸನವನ್ನೇ ಕಲಿತಳೆಂಬ ಸಂಗತಿ ಪ್ರಸಿದ್ಧವಾದದ್ದು. ಅದು ಅಪವಾದವೇ ಹೊರತು ಪಾಠವಲ್ಲ. ನಮ್ಮ ಬಹುತೇಕ ಹಿರಿಯರಿಗೆ ಬೇಕಾದುದು ಶೀರ್ಷಾಸನವಲ್ಲ, ಬಚ್ಚಲುಮನೆಯಿಂದ ಜಾರದೆ ಹೊರಬರುವ ಕಾಲು.

ಹಿರಿಯರಿಗೆಂದು ನಡೆಯುವ ತರಗತಿಯೊಂದು ಹೇಗಿರುತ್ತದೆಂದು ಹೇಳುವುದಾದರೆ, ಅವಧಿ ಹೆಚ್ಚೆಂದರೆ ಮುಕ್ಕಾಲು ಗಂಟೆ. ಮೊದಲಿಗೆ ಕುರ್ಚಿಯಲ್ಲಿ ಕುಳಿತಂತೆಯೇ ಕಾಲ್ಬೆರಳು, ಹರಡು, ಮಂಡಿ, ಮಣಿಕಟ್ಟು, ಭುಜಗಳನ್ನು ಒಂದೊಂದಾಗಿ ಸಡಿಲಿಸುವುದು. ಉಸಿರು ಎಳೆದುಕೊಳ್ಳುವಾಗ ತೋಳೆತ್ತುವುದು, ಬಿಡುವಾಗ ಇಳಿಸುವುದು. ಇಲ್ಲಿ ಚಲನೆಯು ಉಸಿರನ್ನು ಅನುಸರಿಸಬೇಕಲ್ಲದೆ ಉಸಿರು ಚಲನೆಯ ಹಿಂದೆ ಏದುತ್ತ ಓಡಬಾರದು. ಬಳಿಕ ಗೋಡೆಗೆ ಬೆನ್ನು ಕೊಟ್ಟು ತಾಡಾಸನ. ಬೆರಳ ತುದಿಗಳನ್ನು ಗೋಡೆಗಿಟ್ಟು, ಪಾದವನ್ನು ತೊಡೆಗೇರಿಸದೆ ಹರಡಿಗೆ ಮಾತ್ರ ತಾಗಿಸಿದ ವೃಕ್ಷಾಸನ. ಕೈಗಳ ನೆರವಿಲ್ಲದೆ ಕುರ್ಚಿಯಿಂದ ಎದ್ದು ಕುಳಿತು ಮಾಡುವ ಅಭ್ಯಾಸ. “ಮಂಡಿ ಬಗ್ಗೋದೇ ಇಲ್ಲ ಮೇಷ್ಟ್ರೇ” ಎಂಬ ದೂರು ಯಾವ ತರಗತಿಯಲ್ಲಿಯೂ ಕೇಳಿಬರುವಂಥದು. “ಬಗ್ಗಿಸಬೇಡಿ ತಾಯಿ, ಹಾಗೇ ಕಾಲು ಚಾಚಿ, ಇವತ್ತಿಗೆ ಇಷ್ಟೇ ಸಾಕು” ಎಂದು ಉತ್ತರ ಕೊಡುವವನು ಒಳ್ಳೆಯ ಮೇಷ್ಟ್ರು. ಆಮೇಲೆ ಬೆನ್ನ ಮೇಲೆ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿರಿಸಿ ಕೆಲವು ನಿಮಿಷ. ಕುಂಭಕವಿಲ್ಲದ ನಾಡೀಶೋಧನ, ಭ್ರಾಮರಿ. ಕೊನೆಗೆ ಮಂಡಿಗಳ ಕೆಳಗೆ ಸುರುಳಿ ಸುತ್ತಿದ ಕಂಬಳಿಯಿಟ್ಟು ಶವಾಸನ. ಅಲ್ಲಿ ಒಬ್ಬಿಬ್ಬರು ಗೊರಕೆ ಹೊಡೆಯುವುದೂ ಉಂಟು. ತಿಳಿದ ಗುರುಗಳು ಎಬ್ಬಿಸುವುದಿಲ್ಲ.

ಇಷ್ಟು ಅಲ್ಪವೆಂದು ತೋರುವ ಕ್ರಿಯೆಗಳಿಂದ ಪ್ರಯೋಜನವೇನೆಂದು ಕೇಳುವವರಿಗೆ ಮೊದಲು ಹೇಳಬೇಕಾದುದು ಸಮತೋಲದ ಮಾತು. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳಿಂದ ಬರುವ ಸಂವೇದನೆಗಳನ್ನು ಮೆದುಳು ಕ್ಷಣಕ್ಷಣವೂ ಕೂಡಿಸಿ ಸ್ನಾಯುಗಳಿಗೆ ಅಪ್ಪಣೆ ಕೊಡುವುದರಿಂದ. ವಯಸ್ಸಾದಂತೆ ಆ ಸಂವೇದನೆಗಳು ಮಂದವಾಗುತ್ತವೆ, ಸ್ನಾಯುಗಳು ಸೊರಗುತ್ತವೆ; ಒಮ್ಮೆ ಬಿದ್ದವರು ಮತ್ತೆ ಬೀಳುವ ಭಯದಿಂದ ನಡೆಯುವುದನ್ನು ಕಡಿಮೆ ಮಾಡುತ್ತಾರೆ; ನಡೆಯದ ಕಾಲು ಇನ್ನಷ್ಟು ಸೊರಗಿ ಬೀಳುವಿಕೆಯನ್ನು ಮತ್ತೆ ಕರೆತರುತ್ತದೆ. ಗೋಡೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವ ಆ ಪುಟ್ಟ ಸಾಹಸವು ಈ ವಿಷವೃತ್ತವನ್ನು ಮುರಿಯಲು ನೆರವಾಗುತ್ತದೆ. ಕಾಲಿಗೆ ಬಲವನ್ನೂ ಮನಸ್ಸಿಗೆ ಧೈರ್ಯವನ್ನೂ ಒಟ್ಟಿಗೆ ಕೊಡುತ್ತದೆ. ಎರಡನೆಯದು ನಿದ್ರೆ. ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧನ ಪ್ರತಿಷ್ಠಾನದವರು ವೃದ್ಧಾಶ್ರಮವೊಂದರ 69 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಆರು ತಿಂಗಳು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಗಾಭ್ಯಾಸ ಮಾಡಿದ ಗುಂಪಿನವರು ಮೊದಲಿಗಿಂತ ಸುಮಾರು ಹತ್ತು ನಿಮಿಷ ಬೇಗನೆ ನಿದ್ರೆಹೋಗುತ್ತಿದ್ದರೆಂದೂ, ಒಟ್ಟು ನಿದ್ರೆ ಸುಮಾರು ಒಂದು ಗಂಟೆಯಷ್ಟು ಹೆಚ್ಚಿತೆಂದೂ ಅವರವರ ಹೇಳಿಕೆಗಳಿಂದ ತಿಳಿದುಬಂತು. ಗುಂಪುಗಳು ಚಿಕ್ಕವು, ಸಾಕ್ಷ್ಯ ಮಲಗಿದವರದೇ ಎಂಬುದು ನಿಜ. ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗಿ ಗಡಿಯಾರ ನೋಡುತ್ತ ಕುಳಿತಿರುವವರಿಗೆ ಒಂದು ಗಂಟೆ ಸಾಮಾನ್ಯ ಲಾಭವಲ್ಲ. ಉಸಿರನ್ನು ನಿಧಾನವಾಗಿ, ಹೊರಬಿಡುವ ಭಾಗವನ್ನು ದೀರ್ಘವಾಗಿ ನಡೆಸಿದಾಗ ಹೃದಯದ ಬಡಿತ ತಗ್ಗಿ, ದೇಹವನ್ನು ವಿಶ್ರಾಂತಿಗೆ ಅಣಿಗೊಳಿಸುವ ನರವ್ಯೂಹವು ಮೇಲುಗೈ ಪಡೆಯುವುದು ಇದಕ್ಕೆ ಒಂದು ಕಾರಣವಿರಬೇಕು.

ಮಕ್ಕಳು ಪರದೇಶಗಳಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದ ಹಿರಿಯರಿಗೆ ಈ ತರಗತಿಯಿಂದ ದೊರೆಯುವ ಸಹವಾಸವನ್ನು ಯಾವ ಅಧ್ಯಯನವೂ ಸರಿಯಾಗಿ ಅಳೆಯಲಾರದೇನೋ. ನಿನ್ನೆ ಯಾಕೆ ಬರಲಿಲ್ಲವೆಂದು ಕೇಳುವವರೊಬ್ಬರು ಇದ್ದಾರೆಂಬುದು ಆ ವಯಸ್ಸಿನಲ್ಲಿ ಚಿಕ್ಕ ವಿಷಯವಲ್ಲ; ಅಭ್ಯಾಸ ಮುಗಿದ ಮೇಲಿನ ಕಾಫಿಗಾಗಿಯೇ ಬರುವವರೂ ಇರುತ್ತಾರೆ, ಬರಲಿ.

ಇಷ್ಟು ಹೇಳಿದವನು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಯೋಗವೊಂದರಿಂದಲೇ ಬುಡಸಮೇತ ಕಿತ್ತುಹಾಕುತ್ತೇವೆಂದು ಘೋಷಿಸುವವರನ್ನು ನಾನು ನಂಬುವುದಿಲ್ಲ. ಗುಳಿಗೆಯನ್ನು ನಿಲ್ಲಿಸೆಂದು ಹೇಳುವ ಯೋಗಶಿಕ್ಷಕನಿಂದ ದೂರವಿರುವುದು ಲೇಸು. ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಆಸನಗಳನ್ನು ಮಾಡಬಾರದು, ಏಕೆಂದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಮೂಳೆ ಸವೆದವರು ಬೆನ್ನನ್ನು ಗುಂಡಾಗಿಸಿ ಮುಂದಕ್ಕೆ ಬಾಗಬಾರದು. ಟೊಳ್ಳಾದ ಕಶೇರುಮಣಿ ಆ ಭಾರಕ್ಕೆ ಕುಸಿಯಬಹುದು. ಹೃದ್ರೋಗಿಗಳಿಗೂ ರಕ್ತದೊತ್ತಡದವರಿಗೂ ರಭಸದ ಕಪಾಲಭಾತಿ, ಭಸ್ತ್ರಿಕೆಗಳು ಸಲ್ಲವು, ಉಸಿರು ಬಿಗಿಹಿಡಿಯುವುದೂ ಸಲ್ಲದು. ಟೀವಿಯ ಮುಂದೆ ಚಾಪೆ ಹಾಸಿಕೊಂಡು, ಅಲ್ಲಿ ಕಂಡದ್ದನ್ನೆಲ್ಲ ಮಾಡಹೊರಡುವವರಿಗೆ ಈ ಎಚ್ಚರಿಕೆಯನ್ನು ಹೇಳುವವರಿಲ್ಲ. ಕಾಲುಚೀಲ ಧರಿಸಿ ನುಣುಪಾದ ಮೊಸಾಯಿಕ್ ನೆಲದ ಮೇಲೆ ನಿಲ್ಲುವುದಂತೂ ಬೇಡವೇ ಬೇಡ.

ಆದುದರಿಂದ ಗುರುವಿನ ಆಯ್ಕೆಯೇ ಇಲ್ಲಿ ಮುಖ್ಯ. ಮೊದಲ ದಿನ ನಿಮ್ಮನ್ನು ಕೂರಿಸಿ, ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ, ಯಾವಾಗಲಾದರೂ ಬಿದ್ದದ್ದುಂಟೆ, ಎದ್ದಾಗ ತಲೆ ತಿರುಗುವುದೆ, ಯಾವ ಕೀಲು ನೋಯುತ್ತದೆ, ಕಣ್ಣಿಗೆ ಏನಾದರೂ ಆಗಿದೆಯೆ ಎಂದು ವಿಚಾರಿಸದೆ ನೇರವಾಗಿ ಸೂರ್ಯನಮಸ್ಕಾರಕ್ಕೆ ನಿಲ್ಲಿಸುವವರನ್ನು ಬಿಟ್ಟು ಬೇರೆಯವರನ್ನು ಹುಡುಕಬೇಕು. ವಿಚಾರಿಸುವವರು ದೊರೆತರೆ ಫೀಸು ಸ್ವಲ್ಪ ಹೆಚ್ಚಾದರೂ ಚಿಂತಿಲ್ಲ, ನಿಮ್ಮ ವೈದ್ಯರಿಗೆ ಒಂದು ಮಾತು ತಿಳಿಸಿ, ಊಟವಾಗಿ ಮೂರು ಗಂಟೆ ಕಳೆದ ಹೊತ್ತನ್ನು ನೋಡಿಕೊಂಡು ಹೋಗಿ ಸೇರಿಕೊಳ್ಳಬಹುದು.