ಪುಣೆಯ ಪೇಟೆಯಲ್ಲಿ ತವರಿನ ಮದ್ದು

ಔಷಧೀಯ ಸಸ್ಯಗಳ ಮಟ್ಟಿಗೆ ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಭಾಗ್ಯವಂತರೆಂದೇ ಹೇಳಬೇಕು. ದಿಲ್ಲಿಗೋ ಕಲಕತ್ತೆಗೋ ಹೋದವರಂತೆ ಅವರು ಅಪರಿಚಿತ ಸಸ್ಯಲೋಕಕ್ಕೆ ಬಂದವರಲ್ಲ. ಕೊಡಚಾದ್ರಿಯನ್ನು ಹೊತ್ತ ಸಹ್ಯಾದ್ರಿಯೇ ಸಿಂಹಗಡವನ್ನೂ ಹೊತ್ತಿದೆ. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೊಡೋರ್ ಕುಕ್ ಅವರು ಮುಂಬಯಿ ಪ್ರಾಂತದ ಸಸ್ಯಗಳನ್ನು ಕುರಿತು ಬರೆದು, 1901ರಿಂದ 1908ರ ನಡುವೆ ಪ್ರಕಟವಾದ ಗ್ರಂಥದಲ್ಲಿ ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳ ಗಿಡಮರಗಳೂ ಪುಣೆ, ಸಾತಾರಾಗಳ ಗಿಡಮರಗಳೂ ಜೊತೆಯಾಗಿಯೇ ಸೇರಿವೆ. ಆ ಜಿಲ್ಲೆಗಳೆಲ್ಲ ಆಗ ಒಂದೇ ಪ್ರಾಂತಕ್ಕೆ ಸೇರಿದ್ದವು. 1956ರಲ್ಲಿ ಕನ್ನಡ ಜಿಲ್ಲೆಗಳು ಆಡಳಿತದಲ್ಲಿ ಬೇರೆಯಾದವು. ಗಿಡಗಳು ಇದ್ದಲ್ಲಿಯೇ ಉಳಿದವು.

ತೊಡಕಿರುವುದು ಹೆಸರಿನಲ್ಲಿ. ಮಹಾತ್ಮಾ ಫುಲೆ ಮಂಡೈಯ ಆಸುಪಾಸಿನ ಕಾಷ್ಠೌಷಧಿಯ ಅಂಗಡಿಗಳು ಮೈಸೂರಿನ ಕಡೆಯವರ ಗ್ರಂಧಿಗೆ ಅಂಗಡಿಗಳಂಥವೇ. ಆದರೆ ಅಲ್ಲಿ ಬಜೆ ಕೇಳಿದರೆ ಉತ್ತರ ಬಾರದು, ವೇಖಂಡ ಎನ್ನಬೇಕು. ಅಳಲೆಕಾಯಿ ಅಲ್ಲಿ ಹಿರಡಾ, ತಾರೆಕಾಯಿ ಬೇಹಡಾ, ಲೋಳೆಸರ ಕೋರಫಡ, ಲಾವಂಚ ವಾಳಾ, ದೊಡ್ಡಪತ್ರೆ ಪಾನಓವಾ. ಕಹಿಬೇವು ಕಡುಲಿಂಬವಾದರೆ ಕರಿಬೇವು ಕಢೀಲಿಂಬ. ಹೊಸದಾಗಿ ಬಂದ ಸೊಸೆ ಒಗ್ಗರಣೆಗೆಂದು ಮೊದಲನೆಯದನ್ನು ತಂದರೆ ಆ ದಿನದ ಸಾರಿನ ಗತಿಯನ್ನು ಓದುಗರೇ ಊಹಿಸಬಹುದು. ಇಂಥ ತಪ್ಪನ್ನು ನಾಲಗೆಯೇ ಹಿಡಿಯುತ್ತದೆ. ನಾಲಗೆಗೆ ಸಿಕ್ಕದ ತಪ್ಪುಗಳೂ ಇವೆ.

ಅಮೃತಬಳ್ಳಿಯ ವಿಚಾರವನ್ನೇ ನೋಡಬಹುದು. ಮರಾಠಿಯಲ್ಲಿ ಇದು ಗುಳವೇಲ, ಹಿಂದಿಯಲ್ಲಿ ಗಿಲೋಯ್. ಜ್ವರಕ್ಕೆ ಆಯುರ್ವೇದವು ಬಹುಕಾಲದಿಂದ ನಂಬಿದ ಬಳ್ಳಿ. 2020ರಲ್ಲಿ ಕೊರೋನಾ ಹಬ್ಬಿದಾಗ ಇದರ ಕಷಾಯ ಮನೆಮನೆಯ ನಿತ್ಯಪಾನವಾಯಿತು; ತಿಂಗಳುಗಟ್ಟಲೆ ಕುಡಿದವರಿದ್ದಾರೆ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿನ ಊತ ಕಂಡಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಕೇಂದ್ರದ ಆಯುಷ್ ಸಚಿವಾಲಯವು ಇದನ್ನು ಆಕ್ಷೇಪಿಸಿತು. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು, ಅದರದೇ ಕುಲದ ಟಿನೊಸ್ಪೊರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿಯೂ ಇರಬಹುದಲ್ಲ ಎಂಬುದು ಸಚಿವಾಲಯದ ವಾದ. ಎರಡಕ್ಕೂ ಹೃದಯಾಕಾರದ ಎಲೆ. ಕ್ರಿಸ್ಪಾದ ಕಾಂಡದ ಮೇಲೆ ನರುಲಿಯಂಥ ಉಬ್ಬುಗಳು ದಟ್ಟವಾಗಿರುತ್ತವೆ. ಒಣಗಿಸಿ ಪುಡಿ ಮಾಡಿದ ಮೇಲೆ ಈ ಗುರುತೂ ಇಲ್ಲ. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಕೂಡಿ 43 ರೋಗಿಗಳ ವಿವರ ಪ್ರಕಟಿಸಿದರು. ದೇಹದ ರಕ್ಷಣಾಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬೀಳುವ ರೋಗವು ಒಳಗೇ ಅಡಗಿದ್ದವರಲ್ಲಿ ಈ ಬಳ್ಳಿ ಅದನ್ನು ಹೊರಗೆಡಹಬಲ್ಲದು ಎಂಬುದು ಅವರ ಅಭಿಪ್ರಾಯ. ಹಾಗಾದರೆ ಬಳ್ಳಿ ಯಾವುದೆಂಬುದರ ಜೊತೆಗೆ, ಕುಡಿಯುವವರು ಯಾರು, ಎಷ್ಟು ದಿನ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕಿನ ಮೇಲೆ ಹೆಸರು ಸರಿಯಾಗಿದ್ದ ಮಾತ್ರಕ್ಕೆ ಹಣ ಕೊಡುವುದಿಲ್ಲ. ಮಾದರಿ ಸಹಿಯೊಡನೆ ತಾಳೆ ನೋಡುತ್ತಾರೆ. ಸಸ್ಯಗಳ ಮಾದರಿ ಸಹಿಯಿರುವುದು ಹರ್ಬೇರಿಯಮ್ಮಿನಲ್ಲಿ, ಅಂದರೆ ಒಣಗಿಸಿ ಹೆಸರು ಬರೆದಿಟ್ಟ ಸಸ್ಯಗಳ ಸಂಗ್ರಹದಲ್ಲಿ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಿಭಾಗದ ಕಚೇರಿ 1955ರಿಂದ ಪುಣೆಯಲ್ಲಿಯೇ ಇದೆ. 1946ರಲ್ಲಿ ಆರಂಭವಾಗಿ 1992ರಲ್ಲಿ ಆಘಾರಕರ್ ಸಂಶೋಧನ ಸಂಸ್ಥೆ ಎಂಬ ಹೆಸರು ಪಡೆದ ಸಂಸ್ಥೆಯಲ್ಲಿಯೂ ಇಂಥ ಸಂಗ್ರಹವಿದೆ. ಹತ್ತು ರೂಪಾಯಿಯ ಬೇರಿಗಾಗಿ ಗೃಹಸ್ಥನು ಅಲ್ಲಿಯವರೆಗೆ ಹೋಗುವುದಿಲ್ಲವೆಂಬುದು ನಿಜ. ಆದರೆ ಪುಡಿಯ ಬದಲು ಎಲೆ, ಕಾಂಡ ಸಹಿತ ಹಸಿ ಗಿಡವನ್ನು ಕೊಳ್ಳುವುದು, ಬಲ್ಲವರಿಗೆ ತೋರಿಸಿ ಕುಂಡದಲ್ಲಿ ಬೆಳೆಸುವುದು ಸಾಧ್ಯ. ಅಮೃತಬಳ್ಳಿ ತುಂಡು ನೆಟ್ಟರೂ ಬದುಕುವ ಜಾತಿ. ಬಾಲ್ಕನಿಯ ಸರಳೇ ಅದಕ್ಕೆ ಸಾಕು.

ಬ್ರಾಹ್ಮಿಯ ಗೊಂದಲ ಇಷ್ಟು ಅಪಾಯದ್ದಲ್ಲ. ಕರಾವಳಿಯವರು ತಿಮರೆಯೆಂದು ಚಟ್ನಿ ಅರೆಯುವ ಒಂದೆಲಗವೂ ನೀರುಬ್ರಾಹ್ಮಿಯೂ ಪೇಟೆಯಲ್ಲಿ ಅದೇ ಒಂದು ಹೆಸರಿನಿಂದ ಸಲ್ಲುತ್ತವೆ. ಆಡುಸೋಗೆಗೆ ಮಾತ್ರ ಎಚ್ಚರ ಬೇಕು. ಮರಾಠಿಯ ಅಡುಳಸಾ ಇದೇ. ಇದರಲ್ಲಿರುವ ವ್ಯಾಸಿಸೀನ್ ಎಂಬ ಸತ್ವದ ಜಾಡು ಹಿಡಿದೇ ವಿಜ್ಞಾನಿಗಳು ಬ್ರೋಮ್‌ಹೆಕ್ಸೀನ್ ಎಂಬ ಕಫಹರ ಔಷಧವನ್ನು ರೂಪಿಸಿದರು. ಅದೇ ಸತ್ವವು ಗರ್ಭಕೋಶವನ್ನು ಸಂಕುಚಿಸುವುದರಿಂದ ಗರ್ಭಿಣಿಯರು ಇದರಿಂದ ದೂರವಿರುವುದು ಲೇಸು.

ಮನೆಮದ್ದಿನ ನಿಜವಾದ ಪರೀಕ್ಷೆ ನಡೆಯುವುದು ಬಾಣಂತಿಯ ಕೋಣೆಯಲ್ಲಿ. ಕಾಲೇಜು, ಕಚೇರಿಗಳ ಪರಿಚಯದಿಂದ ಭಾಷೆಯನ್ನೂ ಮತವನ್ನೂ ದಾಟಿದ ಮದುವೆಗಳು ಪುಣೆಯಂಥ ನಗರಕ್ಕೆ ಹೊಸತಲ್ಲ. 1954ರ ವಿಶೇಷ ವಿವಾಹ ಕಾಯಿದೆಯಂತೆ 30 ದಿನಗಳ ನೋಟೀಸು ಕೊಟ್ಟು ರಿಜಿಸ್ಟ್ರಾರರ ಮುಂದೆ ಸಹಿ ಮಾಡಿದ ಮದುವೆಗೆ ಬಾರದ ಹಿರಿಯರೂ ಮಗು ಹುಟ್ಟಿದಾಗ ಬರುವುದುಂಟು. ಬರುವಾಗ ಮದ್ದಿನ ಪೆಟ್ಟಿಗೆ ತರುತ್ತಾರೆ. ಕನ್ನಡದ ಅಜ್ಜಿ ಬಜೆ, ಜಾಯಿಕಾಯಿ ತೇಯುತ್ತಾಳೆ. ಮರಾಠಿ ಅಜ್ಜಿಯ ಬಾಳಗುಟಿಯಲ್ಲಿಯೂ ವೇಖಂಡ, ಜಾಯಫಳಗಳಿವೆ. ಮುಸಲ್ಮಾನರ ಮನೆಯ ಘುಟ್ಟಿಗೂ ಯುನಾನಿಯ ಹಲೀಲಾ ಬೇಕು, ಅದು ಅಳಲೆಕಾಯಿಯೇ. ಇದರಲ್ಲಿ ಆಶ್ಚರ್ಯವೇನಿಲ್ಲ. ಆಯುರ್ವೇದದ ಸರ್ಪಗಂಧಿಯ ಬೇರಿನಿಂದ 1931ರಲ್ಲಿ ಅಜ್ಮಲೀನನ್ನು ಬೇರ್ಪಡಿಸಿದವರು ಸಲೀಮುಜ್ಜಮಾನ್ ಸಿದ್ದೀಕಿ. ಅದಕ್ಕೆ ಅವರಿಟ್ಟದ್ದು ಹಕೀಮ್ ಅಜ್ಮಲ್ ಖಾನರ ಹೆಸರು. ಅದೇ ಬೇರು ರಕ್ತದೊತ್ತಡವನ್ನು ಇಳಿಸುವುದನ್ನು 1949ರಲ್ಲಿ ಜಗತ್ತಿಗೆ ತಿಳಿಸಿದವರು ಮುಂಬಯಿಯ ಪಾರ್ಸಿ ವೈದ್ಯ ರುಸ್ತುಮ್ ಜಾಲ್ ವಕೀಲ್.

ಎರಡು ಪೆಟ್ಟಿಗೆಗಳ ಮದ್ದು ಒಂದೇ ಎಂಬ ಸಂಗತಿಯಲ್ಲಿ ಸಂತೋಷದಷ್ಟೇ ಭಯವೂ ಇದೆ. ಹೆಸರು ಬೇರೆಯಾದ್ದರಿಂದ ಬೆಳಿಗ್ಗೆ ಒಬ್ಬ ಅಜ್ಜಿ ಬಜೆಯೆಂದು, ಸಂಜೆ ಇನ್ನೊಬ್ಬಳು ವೇಖಂಡವೆಂದು ತೇಯ್ದರೆ ಮಗುವಿಗೆ ಬೀಳುವುದು ಇಮ್ಮಡಿ. ತುಮಕೂರಿನ ಕೊರಟಗೆರೆಯ ಕಡೆ ಗದ್ದೆಗಳಲ್ಲಿ ಬೆಳೆಯುವ ಈ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಗೆಡ್ಡೆಗಳನ್ನುಂಟುಮಾಡಿದ್ದರಿಂದ ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಜಾಯಿಕಾಯಿ ಹೆಚ್ಚಾದರೆ ಮಗುವಿಗೆ ಮಂಪರು ಕವಿಯುತ್ತದೆ. ಮಗು ಚೆನ್ನಾಗಿ ಮಲಗಿತೆಂದು ಮನೆಯವರು ಹಿಗ್ಗುತ್ತಾರೆ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ನೀರನ್ನೂ ಕೊಡಬೇಕಾಗಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಜ್ಜಿಯರ ಮನಸ್ಸು ನೋಯಿಸದೆ ಇದನ್ನು ಹೇಳುವ ಕೆಲಸ ಸೊಸೆಯದಾಗದೆ ಮಗನದಾದರೆ ಮನೆಯ ಶಾಂತಿಗೂ ಒಳ್ಳೆಯದು.

ಯಾವ ಮದ್ದನ್ನೇ ಸೇವಿಸುತ್ತಿರಲಿ, ಕಣ್ಣು ಹಳದಿಯಾಗಿಯೋ ವಾಂತಿ ನಿಲ್ಲದೆಯೋ ಆಸ್ಪತ್ರೆಗೆ ಹೋಗುವವರು ಅದನ್ನು ವೈದ್ಯರಿಗೆ ಮುಚ್ಚಿಡಬಾರದು. ಪುಣೆಯ ವೈದ್ಯರಿಗೆ ಅಮೃತಬಳ್ಳಿಯೆಂದರೆ ತಿಳಿಯಲಿಕ್ಕಿಲ್ಲ, ಗುಳವೇಲ ಎಂದರೆ ತಿಳಿದೀತು. ಮನೆಯಲ್ಲಿ ಉಳಿದಿರುವ ಕಾಂಡದ ತುಂಡನ್ನೋ ಪುಡಿಯ ಪೊಟ್ಟಣವನ್ನೋ ಕೈಚೀಲದಲ್ಲಿ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು.